‘ಗ್ಯಾಸ್ ಅಷ್ಟೇ’ ಅಂದುಕೊಂಡ ಹೊಟ್ಟೆನೋವು: ಕರುಳಿಗೆ ಇಳಿದ ಪಿತ್ತಗಲ್ಲು

ಸೋಮವಾರ ರಾತ್ರಿ ಊಟ ಮುಗಿಸಿ ಮಲಗಿದ ಉಮ್ಮನಿಗೆ ಹೊಟ್ಟೆ ಹಿಂಡಿದಂತಾಯಿತು, ಎರಡು ಸಲ ವಾಂತಿಯೂ ಆಯಿತು. ಮಗ ಮೆಡಿಕಲ್‌ನಿಂದ ಗ್ಯಾಸ್ ಮಾತ್ರೆ ತಂದುಕೊಟ್ಟ. ಮಂಗಳವಾರ ನೋವಿಲ್ಲ. ಉಮ್ಮ ಗಂಜಿ ಕುಡಿದರು, ಮೊಮ್ಮಕ್ಕಳ ಜೊತೆ ಮಾತಾಡಿದರು. ಬುಧವಾರ ಮತ್ತೆ ನೋವು, ಮತ್ತೆ ವಾಂತಿ. ಸೊಸೆ ಓಮದ ನೀರು ಕಾಯಿಸಿ ಕೊಟ್ಟಳು. ಗುರುವಾರ ಬೆಳಿಗ್ಗೆ ಸ್ವಲ್ಪ ಆರಾಮ. ‘ನಾನು ಹೇಳಿಲ್ವಾ, ಗ್ಯಾಸ್ ಅಷ್ಟೇ’ ಅಂದ ಮಗ ಅಂಗಡಿಗೆ ಹೋದ. ಶುಕ್ರವಾರ ಜುಮಾ ಮುಗಿಸಿ ಮನೆಗೆ ಬರುವಾಗ ಉಮ್ಮನ ಹೊಟ್ಟೆ ಉಬ್ಬಿತ್ತು. ವಾಂತಿ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿ ನಾರುತ್ತಿತ್ತು. ಬೆಳಗಿನಿಂದ ಮೂತ್ರಕ್ಕೆ ಹೋಗಿರಲಿಲ್ಲ.

ಇದು ಯಾರೋ ಒಬ್ಬರ ಮನೆಯ ಕತೆಯಲ್ಲ. ಕಾಯಿಲೆ ಹೇಗೆ ಬರುತ್ತದೆಂದು ತಿಳಿಸಲು ಹೆಣೆದ ಐದು ದಿನಗಳಿವು. ಮನೆ ಬಂಗಾರಪೇಟೆಯಲ್ಲಿದೆ ಎಂದಿಟ್ಟುಕೊಳ್ಳಿ. ಬಂಟ್ವಾಳದ ಕಡೆಯಿಂದ ಘಟ್ಟ ಹತ್ತಿ ಹೋಗಿ ಅಲ್ಲಿ ಅಂಗಡಿ ಇಟ್ಟ ಸಂಸಾರ. ಉಮ್ಮನಿಗೆ 74 ವರ್ಷ, ಸಕ್ಕರೆ ಕಾಯಿಲೆ ಇದೆ. ಹಿಂದೆ ಯಾವತ್ತೋ ಸ್ಕ್ಯಾನ್ ಮಾಡಿಸಿದಾಗ ‘ಪಿತ್ತಕೋಶದಲ್ಲಿ ಕಲ್ಲಿದೆ’ ಎಂದಿದ್ದರು. ಆ ಕಾಗದ ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಈ ಐದು ದಿನಗಳಲ್ಲಿ ಮನೆಯವರನ್ನು ಮೋಸಗೊಳಿಸಿದ್ದು ನೋವಿದ್ದ ದಿನಗಳಲ್ಲ, ಆರಾಮವಿದ್ದ ಮಂಗಳವಾರ ಮತ್ತು ಗುರುವಾರ.

ಕಲ್ಲು ಕರುಳಿಗೆ ಬರುವುದು ಹೇಗೆ?

ಪಿತ್ತಕೋಶ ಲಿವರ್‌ನ ಅಡಿಯಲ್ಲಿ ನೇತಾಡುವ ಸಣ್ಣ ಚೀಲ. ಅದಕ್ಕೆ ತಾಗಿಕೊಂಡೇ ಸಣ್ಣಕರುಳಿನ ಮೊದಲ ಭಾಗ ಹಾದುಹೋಗುತ್ತದೆ. ಪಿತ್ತಕೋಶದೊಳಗೆ ದೊಡ್ಡ ಕಲ್ಲು ವರ್ಷಗಟ್ಟಲೆ ಕೂತು ಮತ್ತೆ ಮತ್ತೆ ಉರಿಯೂತ ಆದರೆ, ಆ ಚೀಲ ಪಕ್ಕದ ಕರುಳಿಗೆ ಅಂಟಿಕೊಳ್ಳುತ್ತದೆ. ಕಲ್ಲಿನ ಒತ್ತಡಕ್ಕೆ ಎರಡರ ಗೋಡೆಯೂ ನಿಧಾನವಾಗಿ ಸವೆದು ನಡುವೆ ಕಿಂಡಿ ಬೀಳುತ್ತದೆ. ಕಲ್ಲು ಆ ಕಿಂಡಿಯಲ್ಲಿ ಕರುಳಿಗೆ ಜಾರುತ್ತದೆ. ಪಿತ್ತನಾಳ ತೀರಾ ಕಿರಿದು, ಇಷ್ಟು ದೊಡ್ಡ ಕಲ್ಲು ಆ ದಾರಿಯಲ್ಲಿ ಬರಲಾರದು.

ಚಿಕ್ಕ ಕಲ್ಲಾದರೆ ಮಲದೊಂದಿಗೆ ಹೊರಹೋಗುತ್ತದೆ, ಯಾರಿಗೂ ತಿಳಿಯುವುದೇ ಇಲ್ಲ. ಎರಡು–ಎರಡೂವರೆ ಸೆಂಟಿಮೀಟರ್ ದಾಟಿದರೆ, ಅಂದರೆ ಹೆಚ್ಚುಕಡಿಮೆ ಜಾಯಿಕಾಯಿ ಗಾತ್ರಕ್ಕೆ ಬಂದರೆ, ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಾಗಿ ಸಿಕ್ಕಿಕೊಳ್ಳುವುದು ಸಣ್ಣಕರುಳಿನ ಕೊನೆಯಲ್ಲಿ, ಅದು ದೊಡ್ಡಕರುಳನ್ನು ಸೇರುವ ಜಾಗದ ಸ್ವಲ್ಪ ಮೊದಲು. ಕರುಳು ಅತ್ಯಂತ ಕಿರಿದಾಗಿರುವುದೇ ಅಲ್ಲಿ. ವೈದ್ಯರು ಇದನ್ನು ಗಾಲ್‌ಸ್ಟೋನ್ ಇಲಿಯಸ್ ಎನ್ನುತ್ತಾರೆ. 1654ರಲ್ಲೇ ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ ಎಂಬ ವೈದ್ಯ ಶವಪರೀಕ್ಷೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದ.

ಆದರೆ ಕಲ್ಲು ಮೇಲಿನಿಂದ ಅಲ್ಲಿಗೆ ಒಂದೇ ಓಟದಲ್ಲಿ ಹೋಗುವುದಿಲ್ಲ. ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಕರುಳು ಹಿಂಡಿ ಹಿಂಡಿ ಅದನ್ನು ಬಿಡಿಸುತ್ತದೆ, ಸ್ವಲ್ಪ ಮುಂದೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದಾಗ ನೋವು, ವಾಂತಿ. ಬಿಟ್ಟಾಗ ಆರಾಮ. ಉಮ್ಮನ ಮಂಗಳವಾರವೂ ಗುರುವಾರವೂ ಮಾತ್ರೆಯಿಂದಾಗಲಿ ಓಮದ ನೀರಿನಿಂದಾಗಲಿ ಬಂದದ್ದಲ್ಲ. ಕಲ್ಲು ಒಂದು ಗೇಣು ಮುಂದೆ ಹೋಗಿತ್ತು, ಅಷ್ಟೇ. ಹೀಗಾಗಿಯೇ ಈ ರೋಗಿಗಳು ಆಸ್ಪತ್ರೆಗೆ ಬರುವಾಗ ಸಾಮಾನ್ಯವಾಗಿ ನಾಲ್ಕೈದು ದಿನ ಕಳೆದುಹೋಗಿರುತ್ತದೆ.

ಹೆದರಬೇಡಿ, ಕಾಯಿಲೆ ಅಪರೂಪದ್ದು. ಪಿತ್ತಗಲ್ಲು ಇರುವ ಸಾವಿರ ಮಂದಿಯಲ್ಲಿ ಮೂರರಿಂದ ಐದು ಮಂದಿಗೆ ಹೀಗಾಗಬಹುದು. ಆದರೆ ಅದು ಬರುವುದು ಹೆಚ್ಚಾಗಿ ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ. ಪಿತ್ತಗಲ್ಲು ಆಗುವುದೇ ಹೆಂಗಸರಲ್ಲಿ ಜಾಸ್ತಿ. ಸಣ್ಣಕರುಳು ಕಟ್ಟಿಕೊಂಡವರ ಪೈಕಿ ಒಟ್ಟಾರೆ ನೂರರಲ್ಲಿ ಒಬ್ಬರಿಂದ ನಾಲ್ವರಲ್ಲಿ ಕಾರಣ ಪಿತ್ತಗಲ್ಲು. 65 ದಾಟಿದವರಲ್ಲಿ ಈ ಪ್ರಮಾಣ ಏರುತ್ತದೆ.

ಮನೆಯಲ್ಲಿ ಗಮನಿಸಬೇಕಾದದ್ದು

ಕಿಬ್ಬೊಟ್ಟೆಯಲ್ಲಿ ಅಲೆಯಲೆಯಾಗಿ ಬರುವ ನೋವು, ಮತ್ತೆ ಮತ್ತೆ ವಾಂತಿ, ಹೊಟ್ಟೆಯುಬ್ಬರ, ಮಲವೂ ಗಾಳಿಯೂ ಹೊರಹೋಗದಿರುವುದು. ಈ ನಾಲ್ಕು ಸೇರಿದರೆ ಕರುಳು ಕಟ್ಟಿಕೊಂಡಿದೆ ಎಂದೇ ತಿಳಿದು ಹೊರಡಬೇಕು. ಆದರೆ ನಾಲ್ಕೂ ಸೇರುವವರೆಗೆ ಕಾಯಬಾರದು. ಕಟ್ಟಿಕೊಂಡ ಜಾಗದಿಂದ ಕೆಳಗೆ ಉಳಿದಿದ್ದ ಮಲ ಮೊದಲ ದಿನ ಹೋಗಬಹುದು. ‘ಮೋಶನ್ ಆಗಿದೆ, ಅಡಚಣೆ ಇಲ್ಲ’ ಅನ್ನುವ ಲೆಕ್ಕ ಅಲ್ಲಿ ತಪ್ಪುತ್ತದೆ. ಸಕ್ಕರೆ ಕಾಯಿಲೆಯವರಿಗೆ, ತುಂಬಾ ವಯಸ್ಸಾದವರಿಗೆ ನೋವು ಕಡಿಮೆ ಇರಬಹುದು, ಜ್ವರ ಬಾರದೆಯೂ ಇರಬಹುದು. ಅವರಲ್ಲಿ ಕಾಣುವುದು ಬರೀ ಸುಸ್ತು, ಬಾಯಿ ಒಣಗುವುದು, ಮಾತು ತಡವರಿಸುವುದು.

ಕಾಮಾಲೆ ಇಲ್ಲವಲ್ಲ, ಕಣ್ಣು ಹಳದಿಯಾಗಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಕಾಮಾಲೆ ಇರುವುದೇ ಇಲ್ಲ. ಅರ್ಧದಷ್ಟು ಮಂದಿಗೆ ತಮಗೆ ಪಿತ್ತಗಲ್ಲು ಇದೆ ಎಂಬುದೂ ಮೊದಲೇ ಗೊತ್ತಿರುವುದಿಲ್ಲ.

ನಮ್ಮ ಮನೆಗಳಲ್ಲಿ ಹೊಟ್ಟೆ ಕಟ್ಟಿದೆ ಎಂದರೆ ಹರಳೆಣ್ಣೆ ಹಿಡಿದುಕೊಂಡು ಬರುವ ಹಿರಿಯರು ಈಗಲೂ ಇದ್ದಾರೆ. ಬರೀ ಮಲಬದ್ಧತೆಗೆ ಅದು ಸರಿಯಿರಬಹುದು. ವಾಂತಿ ಆಗುತ್ತಿರುವವರಿಗೆ, ಹೊಟ್ಟೆ ಉಬ್ಬಿದವರಿಗೆ ಹರಳೆಣ್ಣೆ, ಭೇದಿ ಮಾತ್ರೆ ಕೊಡಲೇಬಾರದು. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ಒತ್ತಡ ಹಾಕಿದಂತಾಗುತ್ತದೆ. ಕಾಂಪೌಂಡರ್ ಹತ್ತಿರ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಇನ್ನೊಂದು ರಾತ್ರಿ ಕಳೆಯುವುದೂ ಬೇಡ. ಊಟವಿಲ್ಲದೆ ವಾಂತಿ ಮಾಡುತ್ತಿರುವವರಿಗೆ ಸಕ್ಕರೆ ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ಎಂದಿನಂತೆ ಕೊಡುವ ಮೊದಲು ಡಾಕ್ಟರನ್ನು ಕೇಳಿ. ರಮಝಾನ್‌ನಲ್ಲಂತೂ ಇದು ಇನ್ನೂ ಸುಲಭವಾಗಿ ಮುಚ್ಚಿಹೋಗುತ್ತದೆ. ಹೊಟ್ಟೆನೋವು ಬಂದರೆ ಇಫ್ತಾರ್‌ನ ಕರಿದ ತಿಂಡಿಯ ಮೇಲೆ ಹಾಕುತ್ತೇವೆ, ಮೂತ್ರ ಕಡಿಮೆಯಾದರೆ ಉಪವಾಸದ ಮೇಲೆ.

ಇನ್ನೊಂದು ಮಾತು, ಸ್ವಲ್ಪ ಸಂಕೋಚದ್ದು. ಕರುಳು ಕಟ್ಟಿಕೊಂಡವರನ್ನು ಪರೀಕ್ಷಿಸುವಾಗ ತೊಡೆಸಂದಿಯನ್ನು ನೋಡಲೇಬೇಕು. ವಯಸ್ಸಾದ ಹೆಂಗಸರಲ್ಲಿ ಅಲ್ಲಿ ಸಣ್ಣ ಹರ್ನಿಯಾ ಸಿಕ್ಕಿಕೊಂಡೂ ಇದೇ ತರಹದ ಅಡಚಣೆ ಆಗುತ್ತದೆ. ನಮ್ಮ ಉಮ್ಮಂದಿರು ನಾಚಿಕೆಯಿಂದ ಬೇಡವೆನ್ನುತ್ತಾರೆ, ಜೊತೆಗಿದ್ದವರೂ ಸುಮ್ಮನಾಗುತ್ತಾರೆ. ಮಹಿಳಾ ವೈದ್ಯರನ್ನೋ ನರ್ಸನ್ನೋ ಜೊತೆಗೆ ಕರೆಯಿರಿ ಎಂದು ಕೇಳಿ, ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಹಳೆಯ ಆಪರೇಷನ್ನಿನ ಗಾಯದ ಗುರುತಿಲ್ಲ, ಹರ್ನಿಯಾ ಇಲ್ಲ, ಆದರೂ ವಯಸ್ಸಾದ ಹೆಂಗಸಿನ ಕರುಳು ಕಟ್ಟಿಕೊಂಡಿದೆ ಎಂದಾಗಲೇ ಅನುಭವಿ ಸರ್ಜನ್‌ನ ಯೋಚನೆ ಪಿತ್ತಗಲ್ಲಿನ ಕಡೆ ಹೊರಳುವುದು.

ಚಿನ್ನದ ಊರಿನ ಆಸ್ಪತ್ರೆ

ಬಂಗಾರಪೇಟೆಯಿಂದ ಕವಲೊಡೆಯುವ ರೈಲು ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ಹೋಗಿ ನಿಲ್ಲುತ್ತದೆ. ಈ ದಾರಿಯುದ್ದಕ್ಕೂ ಒಂದು ಕಾಲದಲ್ಲಿ ವೈದ್ಯಕೀಯಕ್ಕೆ ಕೊರತೆ ಇರಲಿಲ್ಲ. 1880ರಿಂದ ಗಣಿ ನಡೆಸಿದ ಜಾನ್ ಟೇಲರ್ ಕಂಪೆನಿ ಚಾಂಪಿಯನ್ ರೀಫ್‌ನಲ್ಲಿ ಕಟ್ಟಿದ ಆಸ್ಪತ್ರೆ ಸುತ್ತಲಿನ ಊರುಗಳಿಗೆಲ್ಲ ದೊಡ್ಡಾಸ್ಪತ್ರೆಯಾಗಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಸ್ಪತ್ರೆಯೂ ಸೊರಗಿತು. 2021ರ ಕೋವಿಡ್ ಅಲೆಯಲ್ಲಿ ಪಾಳುಬಿದ್ದ ಆ ವಾರ್ಡುಗಳನ್ನು ಗುಡಿಸಿ ತೊಳೆದು ಮತ್ತೆ ಹಾಸಿಗೆ ಹಾಕಿದ್ದು ಸುದ್ದಿಯಾಗಿತ್ತು.

ಗಣಿಯಲ್ಲಿ ದುಡಿದವರು ಈಗ ಮುದುಕರಾಗಿದ್ದಾರೆ. ಸಿಲಿಕೋಸಿಸ್, ಅಂದರೆ ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ, ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರದ ಗಣಿಗಳಿಂದ. 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರರಲ್ಲಿ 40ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂದಿತ್ತು. ಹೊಟ್ಟೆಯ ಕಾಯಿಲೆಯ ನಡುವೆ ಇದನ್ನೇಕೆ ಹೇಳಿದೆ ಎಂದರೆ, ದೂಳು ತಿಂದ ಶ್ವಾಸಕೋಶದ ಮುದುಕರಿಗೆ ಅರಿವಳಿಕೆ ಕೊಡುವುದು ಸುಲಭವಲ್ಲ. ಗಣಿಯಲ್ಲಿ ಕೆಲಸ ಮಾಡಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಎಷ್ಟು ಹೊತ್ತಿನ ಆಪರೇಷನ್ ಮಾಡಬಹುದು ಎಂಬ ತೀರ್ಮಾನಕ್ಕೆ ಆ ಮಾತು ಬೇಕಾಗುತ್ತದೆ.

ಕೋಲಾರವೋ, ಮಂಗಳೂರೋ?

ಉಮ್ಮನ ಕತೆಗೆ ಮರಳೋಣ. ಶುಕ್ರವಾರ ಮಧ್ಯಾಹ್ನ ಮಗ ಊರಿಗೆ ಫೋನ್ ಮಾಡುತ್ತಾನೆ. ಆ ಕಡೆಯಿಂದ ಬರುವ ಮೊದಲ ಮಾತು ಯಾವುದೆಂದು ನಮಗೆಲ್ಲ ಗೊತ್ತು: ‘ಅಲ್ಲಿ ಏನೂ ಮಾಡಿಸ್ಬೇಡ, ಮಂಗಳೂರಿಗೆ ಕರ್ಕೊಂಡು ಬಾ, ಇಲ್ಲಿ ನಮ್ಮವರೇ ಡಾಕ್ಟರ್ ಇದ್ದಾರೆ.’

ಪ್ರೀತಿಯ ಮಾತೇ. ಆದರೆ ಬಂಗಾರಪೇಟೆಯಿಂದ ಮಂಗಳೂರಿಗೆ 400 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನ ಟ್ರಾಫಿಕ್ ದಾಟಿ, ಶಿರಾಡಿ ಇಳಿದು, ವಾಂತಿ ಮಾಡುತ್ತಿರುವ 74ರ ಜೀವವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಒಂದು ರಾತ್ರಿಯ ಪ್ರಯಾಣ. ವಾಂತಿಯಿಂದ ಮೈಯ ನೀರು, ಉಪ್ಪು, ಪೊಟ್ಯಾಸಿಯಂ ಬಸಿದುಹೋಗಿರುತ್ತದೆ. ಕಿಡ್ನಿ ಸೋಲಲು ಶುರುವಾಗಿರುತ್ತದೆ. ದಾರಿಯಲ್ಲಿ ವಾಂತಿ ಶ್ವಾಸನಾಳಕ್ಕೆ ಇಳಿದರೆ ಕರುಳಿನ ಕಾಯಿಲೆಗಿಂತ ಅದೇ ಮೊದಲು ಪ್ರಾಣಕ್ಕೆ ಬರುತ್ತದೆ.

ಬಂಗಾರಪೇಟೆಯಿಂದ ಕೋಲಾರ ಅರ್ಧ ಗಂಟೆಯ ದಾರಿ. ಕೆಜಿಎಫ್‌ನಿಂದ ಸುಮಾರು 30 ಕಿಲೋಮೀಟರ್. ಜಿಲ್ಲಾ ಆಸ್ಪತ್ರೆಯಾದ ಎಸ್‌ಎನ್‌ಆರ್ ಕೋಲಾರದಲ್ಲಿದೆ. ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಕೆಜಿಎಫ್‌ನಿಂದ ಆಂಧ್ರದ ಗಡಿ ದಾಟಿದರೆ ಕುಪ್ಪಂನಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೊರಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಈಗ ಸಿ.ಟಿ. ಸ್ಕ್ಯಾನ್ ಆಗುತ್ತದೆಯೇ, ರಾತ್ರಿ ಸರ್ಜನ್ ಇರುತ್ತಾರೆಯೇ? ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಒಂದು ಡ್ರಿಪ್ ಹಾಕಿಸಿ, ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸಿ, 108ರಲ್ಲಿ ಕಳಿಸಿದರೆ ಅದು ವಿಳಂಬವಲ್ಲ, ಅದೇ ಚಿಕಿತ್ಸೆಯ ಮೊದಲ ಹಂತ. ಮಂಗಳೂರಿನ ಡಾಕ್ಟರ್ ಸಂಬಂಧಿಕರು ಇದ್ದರೆ ಕೋಲಾರದ ಸರ್ಜನ್ ಜೊತೆ ಫೋನಿನಲ್ಲಿ ಮಾತಾಡಲಿ, ಅದರಿಂದ ಮನೆಯವರಿಗೂ ಧೈರ್ಯ ಬರುತ್ತದೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ರಕ್ಷಣೆ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗೇ ಇರಲಿ. ಉಮ್ಮನಿಗೆ ಬ್ಯಾರಿ ಬಿಟ್ಟು ಬೇರೆ ಭಾಷೆ ಬಾರದಿದ್ದರೆ ಕೋಲಾರದ ಡ್ಯೂಟಿ ಡಾಕ್ಟರಿಗೆ ಅವರ ಮಾತು ಅರ್ಥವಾಗುವುದಿಲ್ಲ. ನೋವು ಯಾವತ್ತು ಶುರುವಾಯಿತು, ಯಾವತ್ತು ನಿಂತಿತು, ಎಷ್ಟು ಸಲ ವಾಂತಿ, ಯಾವ ಬಣ್ಣ, ಕೊನೆಯ ಮೂತ್ರ ಯಾವಾಗ, ಯಾವ ಮಾತ್ರೆ ನುಂಗುತ್ತಾರೆ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ಇದೆಯೇ, ಇಷ್ಟನ್ನು ಹೇಳಬಲ್ಲವರು ಜೊತೆಗೆ ಹೋಗಬೇಕು. ಹೆಚ್ಚಾಗಿ ಇದೆಲ್ಲ ಗೊತ್ತಿರುವುದು ಸೊಸೆಗೆ. ಆಂಬುಲೆನ್ಸ್ ಹತ್ತುವುದು ಮಾತ್ರ ಗಂಡಸರು.

ಆ ಹಳೆಯ ಸ್ಕ್ಯಾನ್ ಕಾಗದವನ್ನು ಹುಡುಕಿ. ‘ಪಿತ್ತಕೋಶದಲ್ಲಿ ಕಲ್ಲಿದೆ’ ಎಂಬ ಒಂದು ಸಾಲು ಡಾಕ್ಟರ್ ಕೈಗೆ ಮೊದಲೇ ಸಿಕ್ಕರೆ ರೋಗ ಪತ್ತೆ ಎಷ್ಟೋ ಸುಲಭ.

ಪತ್ತೆ ಹಚ್ಚುವುದು

1941ರಲ್ಲಿ ರಿಗ್ಲರ್ ಮತ್ತು ಜೊತೆಗಾರರು ಎಕ್ಸ್-ರೇಯಲ್ಲಿ ಇದನ್ನು ಗುರುತಿಸಲು ಮೂರು ಮುಖ್ಯ ಗುರುತುಗಳನ್ನು ಹೇಳಿದರು: ಉಬ್ಬಿದ ಸಣ್ಣಕರುಳು, ಇರಬಾರದ ಜಾಗದಲ್ಲಿ ಕಲ್ಲು, ಪಿತ್ತನಾಳಗಳಲ್ಲಿ ಗಾಳಿ. ಮೂರನೆಯದು ಕುತೂಹಲದ್ದು. ಕರುಳಿಗೂ ಪಿತ್ತಕೋಶಕ್ಕೂ ಕಿಂಡಿ ಬಿದ್ದಿರುವುದರಿಂದ ಕರುಳಿನ ಗಾಳಿ ಮೇಲೆ ಹತ್ತುತ್ತದೆ. ಆದರೆ ಮಾಮೂಲು ಎಕ್ಸ್-ರೇಯಲ್ಲಿ ಮೂರೂ ಒಟ್ಟಿಗೆ ಕಾಣುವುದು ಕಡಿಮೆ, ಹೆಚ್ಚಿನ ಪಿತ್ತಗಲ್ಲುಗಳು ಎಕ್ಸ್-ರೇಗೆ ಕಾಣಿಸುವುದೇ ಇಲ್ಲ. ಅಲ್ಟ್ರಾಸೌಂಡ್ ಪಿತ್ತಕೋಶವನ್ನು ಚೆನ್ನಾಗಿ ತೋರಿಸುತ್ತದೆ, ಉಬ್ಬಿದ ಕರುಳಿನ ಗಾಳಿ ಅಡ್ಡ ಬಂದರೆ ಕೆಳಗಿನ ಕಲ್ಲು ಸಿಗುವುದಿಲ್ಲ. ‘ಸ್ಕ್ಯಾನ್ ಮಾಡಿಸಿದ್ದೇವೆ, ಏನೂ ಇಲ್ಲ’ ಎಂದು ಮನೆಗೆ ಬಂದವರಲ್ಲಿ ಎಷ್ಟೋ ಮಂದಿ ಮಾಡಿಸಿದ್ದು ಅಲ್ಟ್ರಾಸೌಂಡ್. ಸಿ.ಟಿ. ಸ್ಕ್ಯಾನ್‌ನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳು ಸಿಕ್ಕಿಬೀಳುತ್ತವೆ. ಕಲ್ಲಿನ ಗಾತ್ರ, ಸಿಕ್ಕಿದ ಜಾಗ, ಇನ್ನೊಂದು ಕಲ್ಲಿದೆಯೇ ಎಂಬುದೂ ಗೊತ್ತಾಗುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ರಕ್ತನಾಳಕ್ಕೆ ಡೈ ಕೊಡದೆಯೂ ಸಿ.ಟಿ. ಮಾಡಬಹುದು. ವೈದ್ಯರೊಡನೆ ಮಾತಾಡಿ.

‘ಪಿತ್ತಕೋಶ ಯಾಕೆ ತೆಗೆಯಲಿಲ್ಲ?’

ಮೊದಲ ಕೆಲವು ಗಂಟೆ ಆಪರೇಷನ್ ಇಲ್ಲ. ಡ್ರಿಪ್, ಪೊಟ್ಯಾಸಿಯಂ ಸರಿಪಡಿಸುವುದು, ಸಕ್ಕರೆ ಹಿಡಿತಕ್ಕೆ ತರುವುದು, ಆಂಟಿಬಯೋಟಿಕ್, ಮೂತ್ರದ ನಳಿಕೆ. ಇದನ್ನು ನೋಡಿ ‘ಬೆಳಗಿನಿಂದ ಸುಮ್ನೆ ಮಲಗಿಸಿದ್ದಾರೆ’ ಎಂದು ಗಲಾಟೆ ಮಾಡುವವರಿದ್ದಾರೆ. ಒಣಗಿದ ಮೈಯನ್ನು ನೇರ ಆಪರೇಷನ್ ಟೇಬಲ್ಲಿಗೆ ಒಯ್ದರೆ ಬಿಪಿ ಬಿದ್ದುಹೋಗುತ್ತದೆ.

ನಂತರ ಸರ್ಜನ್ ಹೊಟ್ಟೆ ತೆರೆದು, ಕಲ್ಲು ಸಿಕ್ಕಿದ ಜಾಗದಿಂದ ಸ್ವಲ್ಪ ಮೇಲೆ, ಆರೋಗ್ಯವಾಗಿರುವ ಕರುಳಿನಲ್ಲಿ ಉದ್ದಕ್ಕೆ ಸಣ್ಣ ಸೀಳು ಮಾಡುತ್ತಾರೆ. ಕಲ್ಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಹೊರತೆಗೆದು, ಸೀಳನ್ನು ಅಡ್ಡಕ್ಕೆ ಹೊಲಿಯುತ್ತಾರೆ. ಉದ್ದಕ್ಕೇ ಹೊಲಿದರೆ ಕರುಳು ಕಿರಿದಾಗುತ್ತದೆ. ಬಳಿಕ ಕರುಳನ್ನು ಪೂರ್ತಿ ಬೆರಳಿನಲ್ಲಿ ಮುಟ್ಟಿ ನೋಡುತ್ತಾರೆ. ಹೊರಬಂದ ಕಲ್ಲು ದುಂಡಗಿರದೆ ಪಕ್ಕ ಸವೆದು ಚಪ್ಪಟೆ ಮುಖವಿದ್ದರೆ, ಅದರ ಪಕ್ಕ ಇನ್ನೊಂದು ಕಲ್ಲಿತ್ತು ಎಂದರ್ಥ.

ಇಲ್ಲಿ ಮನೆಯವರಿಗೂ ಡಾಕ್ಟರಿಗೂ ಮನಸ್ತಾಪವಾಗುತ್ತದೆ. ಹೊಟ್ಟೆ ತೆರೆದದ್ದೇ ಆಯಿತು, ಪಿತ್ತಕೋಶವನ್ನೂ ತೆಗೆದು ಕಿಂಡಿಯನ್ನೂ ಮುಚ್ಚಬಾರದಿತ್ತೇ? ಪ್ರಶ್ನೆ ನ್ಯಾಯವೇ. ಸರ್ಜನ್‌ಗಳೂ ಇದನ್ನು ಬಹಳ ಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. 1994ರಲ್ಲಿ 1001 ಪ್ರಕರಣಗಳನ್ನು ಒಟ್ಟುಹಾಕಿ ನೋಡಿದಾಗ, ಕಲ್ಲನ್ನಷ್ಟೇ ತೆಗೆದವರಲ್ಲಿ ಸಾವು ಶೇ.12ರಷ್ಟು, ಎಲ್ಲವನ್ನೂ ಒಂದೇ ಸಲಕ್ಕೆ ಮಾಡಿದವರಲ್ಲಿ ಶೇ.17ರಷ್ಟು ಇತ್ತು. ಅಮೆರಿಕದಲ್ಲಿ 2004ರಿಂದ 2009ರವರೆಗಿನ ಮೂರು ಸಾವಿರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಒಟ್ಟು ಸಾವಿನ ಪ್ರಮಾಣ ಶೇ.7ರ ಸಮೀಪಕ್ಕೆ ಇಳಿದಿತ್ತು. ಅಲ್ಲೂ ಕಲ್ಲನ್ನಷ್ಟೇ ತೆಗೆದವರದ್ದೇ ಕಡಿಮೆ, ಸುಮಾರು ಶೇ.5. ಅಂಟಿಕೊಂಡು ಊದಿಕೊಂಡ ಜಾಗದಲ್ಲಿ ಪಿತ್ತಕೋಶ ಬಿಡಿಸುವುದೆಂದರೆ ಇನ್ನೆರಡು ಗಂಟೆಯಾದರೂ ಅರಿವಳಿಕೆ, ರಕ್ತಸ್ರಾವದ ಭಯ. ಸಕ್ಕರೆ, ಹೃದಯದ ತೊಂದರೆ, ಗಣಿದೂಳಿನ ಶ್ವಾಸಕೋಶ ಇದ್ದವರಿಗೆ ಆ ಎರಡು ಗಂಟೆ ಭಾರ. ಕಿಂಡಿ ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬಿಟ್ಟುಹೋದದ್ದಲ್ಲ ಅದು, ಯೋಚಿಸಿ ಬಿಟ್ಟದ್ದು. ಗಟ್ಟಿಮುಟ್ಟಾಗಿರುವವರಲ್ಲಿ, ಬೇಗ ಬಂದವರಲ್ಲಿ ಎರಡನ್ನೂ ಒಟ್ಟಿಗೆ ಮಾಡುವುದುಂಟು. ಕೆಲವರಿಗೆ ಕೆಲವು ತಿಂಗಳ ನಂತರ ಎರಡನೇ ಆಪರೇಷನ್.

ಆಪರೇಷನ್ನಿಗೆ ಸಹಿ ಹಾಕುವ ಮೊದಲೇ ಇದನ್ನು ಕೇಳಿ ತಿಳಿದುಕೊಂಡರೆ ಒಳ್ಳೆಯದು. ವಾರ್ಡಿನಲ್ಲಿ ಆಮೇಲೆ ನೋಡಲು ಬಂದ ನೆಂಟರೊಬ್ಬರು ‘ಅರ್ಧ ಆಪರೇಷನ್ ಮಾಡಿದ್ದಾರೆ’ ಎಂದು ಹೊತ್ತಿಸಿ ಹೋಗುವುದು ತಪ್ಪುತ್ತದೆ.

ಇಷ್ಟು ಓದಿ, ಪಿತ್ತಗಲ್ಲು ಇರುವವರೆಲ್ಲ ನಾಳೆಯೇ ಆಪರೇಷನ್ನಿಗೆ ಓಡಬೇಕಾಗಿಲ್ಲ. ಯಾವ ತೊಂದರೆಯನ್ನೂ ಕೊಡದೆ ತೆಪ್ಪಗಿರುವ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಆದರೆ ಊಟದ ನಂತರ ಬಲಪಕ್ಕೆಯ ನೋವು ಮರುಕಳಿಸುತ್ತಿದ್ದರೆ, ಅಥವಾ ಸ್ಕ್ಯಾನ್‌ನಲ್ಲಿ ಕಲ್ಲು ಮೂರು ಸೆಂಟಿಮೀಟರ್ ಹತ್ತಿರ ಇದೆ ಎಂದಿದ್ದರೆ, ಮೈ ಗಟ್ಟಿಯಿರುವಾಗಲೇ ಸರ್ಜನ್‌ರನ್ನು ಕಂಡು ಬರುವುದು ಒಳ್ಳೆಯದು. ಆಗ ಅದು ಲ್ಯಾಪರೋಸ್ಕೋಪಿಯ ಒಂದೆರಡು ದಿನದ ಕೆಲಸ.

ಕಲ್ಲು ತೆಗೆದು ಮನೆಗೆ ಬಂದವರಲ್ಲಿ ನೂರಕ್ಕೆ ಸುಮಾರು ಐವರಿಗೆ ಇನ್ನೊಂದು ಕಲ್ಲು ಇಳಿದು ಮತ್ತೆ ಕರುಳು ಕಟ್ಟಿಕೊಳ್ಳಬಹುದು. ಡಿಸ್ಚಾರ್ಜ್ ಕಾಗದದಲ್ಲಿ ‘ಪಿತ್ತಕೋಶ ಹಾಗೇ ಇದೆ’ ಎಂದು ಬರೆದಿದೆಯೇ, ಒಳಗೆ ಇನ್ನೂ ಕಲ್ಲು ಉಳಿದಿದೆಯೇ ಎಂದು ಕೇಳಿಕೊಳ್ಳಿ. ಆ ಕಾಗದವನ್ನೂ ಸಿ.ಟಿ. ಫಿಲ್ಮನ್ನೂ ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ, ಒಂದು ಫೋಟೊ ತೆಗೆದು ಸೊಸೆಯ ಫೋನಿನಲ್ಲೂ ಇಟ್ಟುಕೊಳ್ಳಿ.